ಮುಚ್ಚಿಹೋಗುವ ಕೆಲಸದ ಅಳತೆ ಜನರ ಎದುರೇ ಆಗಲಿ

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆ ಹತ್ತಿರ ಬಂತೆಂದರೆ ಮಂಗಳೂರಿನ ತೋಡುಗಳಲ್ಲಿ, ಅಂದರೆ ಮಳೆನೀರು ಹರಿಯುವ ಕಾಲುವೆಗಳಲ್ಲಿ, ಹೂಳೆತ್ತುವ ಅವಸರ ಶುರುವಾಗುತ್ತದೆ. ಹಿಟಾಚಿ ಇಳಿಯುತ್ತದೆ, ಎರಡು ದಿನ ಸದ್ದು ಮಾಡುತ್ತದೆ, ಎತ್ತಿದ ಹೂಳನ್ನು ತೋಡಿನ ದಡದಲ್ಲೇ ರಾಶಿ ಹಾಕಿ ಮುಂದಿನ ಬೀದಿಗೆ ಹೋಗುತ್ತದೆ. ಆ ರಾಶಿಯನ್ನು ಹತ್ತಿರದಿಂದ ನೋಡಿ. ಕಪ್ಪು ಕೆಸರು, ಅದರೊಳಗೆ ಬೊಂಡದ ಚಿಪ್ಪು, ಹಾಲಿನ ತೊಟ್ಟೆ, ಹರಿದ ಗೋಣಿ, ತೆಂಗಿನ ಮಡಲು, ಅಡಿಯಲ್ಲಿ ಗುಡ್ಡೆ ಅಗೆದಲ್ಲಿಂದ ಹರಿದುಬಂದ ಕೆಂಪು ಮಣ್ಣು. ಒಣಗಲು ಬಿಟ್ಟಿದ್ದೇವೆ, ಆಮೇಲೆ ಸಾಗಿಸುತ್ತೇವೆ ಎನ್ನುತ್ತಾರೆ. ಒಣಗುವ ಮೊದಲೇ ಮಳೆ ಬರುತ್ತದೆ. ರಾಶಿಯ ಬದಿಯಲ್ಲಿ ಬೆರಳಗಲದ ಕೊರಕಲು ಬೀಳುತ್ತದೆ, ಕೆಸರು ಒಂದೊಂದೇ ಎಳೆಯಾಗಿ ತೋಡಿಗೆ ಇಳಿಯುತ್ತದೆ. ಎರಡು ರಾತ್ರಿಯ ಮಳೆಗೆ ರಾಶಿ ಅರ್ಧವಾಗಿರುತ್ತದೆ. ಮೂರನೆಯ ದಿನ ಬಂದು ನೋಡಿದವರಿಗೆ ಎಷ್ಟು ಹೂಳು ಎತ್ತಿದ್ದರು ಎಂದು ಹೇಳಲು ಯಾವ ದಾರಿಯೂ ಇಲ್ಲ. ಆದರೆ ಬಿಲ್ಲಿನಲ್ಲಿ ಘನ ಮೀಟರ್ ಲೆಕ್ಕ ಇರುತ್ತದೆ.

ನಮ್ಮ ಅಳಲಿನ ಬೇರು ಇಲ್ಲಿದೆ. ಸ್ಥಳೀಯಾಡಳಿತ ಉತ್ತರದಾಯಿಯಾಗಿಲ್ಲ ಎಂಬ ಮಾತನ್ನು ಎಲ್ಲರೂ ಆಡುತ್ತೇವೆ. ಅದು ಯಾವ ಕ್ಷಣದಲ್ಲಿ ಕೈತಪ್ಪುತ್ತದೆ ಎಂದು ಮಾತ್ರ ಕೇಳುವುದಿಲ್ಲ. ಹೂಳು, ರಸ್ತೆ ಅಗೆದ ಗುಂಡಿಯ ತುಂಬುಮಣ್ಣು, ಕಾಂಕ್ರೀಟಿನ ಅಡಿಯ ಜಲ್ಲಿ, ಪೈಪಿನ ಕೆಳಗಿನ ಮರಳು ಎಲ್ಲವೂ ಮುಚ್ಚಿಹೋಗುವ ಕೆಲಸಗಳು. ಮುಚ್ಚುವ ಮುನ್ನ ಅಳೆದರೆ ಸತ್ಯ ಸಿಗುತ್ತದೆ, ಮುಚ್ಚಿದ ಮೇಲೆ ಕಾಗದ ಮಾತ್ರ ಸಿಗುತ್ತದೆ. ಆ ಅಳತೆಯ ಹೊತ್ತಿನಲ್ಲಿ ವಾರ್ಡಿನ ಜನ ಅಲ್ಲಿರಬೇಕು ಎಂಬುದಷ್ಟೇ ಈ ಪತ್ರದ ಬೇಡಿಕೆ. ಇದು ಒಬ್ಬ ಅಧಿಕಾರಿ ಅಥವಾ ಒಬ್ಬ ಗುತ್ತಿಗೆದಾರರ ಮೇಲಿನ ದೂರಲ್ಲ.

ಹೂಳಿನ ಲೆಕ್ಕ ಕಷ್ಟದ್ದಲ್ಲ. 100 ಮೀಟರ್ ಉದ್ದ, 1.2 ಮೀಟರ್ ಅಗಲದ ತೋಡಿನಲ್ಲಿ 40 ಸೆಂಟಿಮೀಟರ್ ಹೂಳಿದ್ದರೆ ಒಟ್ಟು 48 ಘನ ಮೀಟರ್. ಒಂದು ಟಿಪ್ಪರಿಗೆ ಐದು ಘನ ಮೀಟರ್ ಎಂದು ಹಿಡಿದರೂ ಹತ್ತು ಲೋಡ್ ಹೋಗಬೇಕು. ಬೀದಿಯವರು ಕಂಡದ್ದು ಮೂರು ಲೋಡ್ ಆದರೆ ಉಳಿದ ಏಳು ಲೋಡ್ ಎಲ್ಲಿ ಎಂದು ಕೇಳುವುದು ನ್ಯಾಯ. ಆದರೆ ಹಾಗೆ ಕೇಳಲು 40 ಸೆಂಟಿಮೀಟರ್ ಎಂಬ ಅಂಕಿ ಮೊದಲೇ ಬರಹದಲ್ಲಿರಬೇಕು. ಕೆಲಸ ಶುರುವಾಗುವ ಮುನ್ನ ಪ್ರತಿ ಹತ್ತು ಮೀಟರಿಗೊಮ್ಮೆ ಒಂದು ಕಬ್ಬಿಣದ ಸರಳನ್ನು ಹೂಳಿನೊಳಗೆ ಇಳಿಸಿ, ಕಾಂಕ್ರೀಟ್ ತಳ ತಾಗುವವರೆಗಿನ ಆಳ ನೋಡಿ, ತೋಡಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದರೆ ಸಾಕು. 100 ಮೀಟರಿಗೆ ಹನ್ನೊಂದು ಗುರುತು, ಅರ್ಧ ಗಂಟೆಯ ಕೆಲಸ. ಹೂಳೆತ್ತಿದ ಮೇಲೆ ಅದೇ ಗುರುತಿನಲ್ಲಿ ಮತ್ತೆ ಸರಳು ಇಳಿಸಿದರೆ ವ್ಯತ್ಯಾಸ ಯಾರ ಕಣ್ಣಿಗೂ ಕಾಣುತ್ತದೆ. ತಳಕ್ಕೆ ಕಾಂಕ್ರೀಟ್ ಇಲ್ಲದ ಮಣ್ಣಿನ ತೋಡುಗಳಲ್ಲಿ ತಳ ಯಾವುದು ಎಂಬ ತಕರಾರು ಬರುತ್ತದೆ. ಅಲ್ಲಿ ಹತ್ತಿರದ ಮೋರಿಯ (ರಸ್ತೆಯಡಿ ನೀರು ದಾಟುವ ದಾರಿಯ) ಹಾಸುಗಲ್ಲಿನ ಮಟ್ಟವನ್ನು ಆಧಾರವಾಗಿ ಹಿಡಿಯಬೇಕು.

ಕೆಲವು ಕಡೆ ಘನ ಮೀಟರ್ ಬದಲು ಯಂತ್ರದ ಗಂಟೆ ಲೆಕ್ಕದಲ್ಲಿ ಹಣ ಕೊಡುತ್ತಾರೆ. ಅಲ್ಲಿ ಬೇರೆಯದೇ ಎಚ್ಚರ ಬೇಕು. ಹಿಟಾಚಿ, ಜೆಸಿಬಿಗಳಲ್ಲಿ ಚಾಲಕನ ಮುಂದೆ ಅವರ್ ಮೀಟರ್ ಇರುತ್ತದೆ, ಎಂಜಿನ್ ಓಡಿದಷ್ಟು ಹೊತ್ತು ಅದು ಎಣಿಸುತ್ತದೆ. ಬೆಳಗ್ಗೆ ಕೆಲಸ ಶುರುವಾಗುವಾಗ ಒಂದು ಫೋಟೊ, ಸಂಜೆ ನಿಲ್ಲಿಸುವಾಗ ಇನ್ನೊಂದು ಫೋಟೊ ತೆಗೆದು ಲಾಗ್‌ಬುಕ್ಕಿನಲ್ಲಿ ಅದೇ ಅಂಕಿ ಬರೆದು ಸ್ಥಳದಲ್ಲಿದ್ದ ಇಬ್ಬರು ನಿವಾಸಿಗಳ ಸಹಿ ಹಾಕಿಸಿದರೆ ಆಮೇಲೆ ಯಾರೂ ಯಾರನ್ನೂ ಶಂಕಿಸಬೇಕಾಗಿಲ್ಲ. ಪ್ರಾಮಾಣಿಕವಾಗಿ ದುಡಿಯುವ ಗುತ್ತಿಗೆದಾರರಿಗೂ ಇದರಿಂದ ರಕ್ಷಣೆ ಇದೆ.

ಈ ಹೂಳಿಗೆ ಇಷ್ಟು ಮಹತ್ವ ಯಾಕೆ ಎಂದು ಕೇಳುವವರಿದ್ದಾರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ನಮ್ಮದು. ಒಂದು ದಿನದಲ್ಲಿ 100 ಮಿಲಿಮೀಟರ್ ಮಳೆ ಇಲ್ಲಿ ಹೊಸತಲ್ಲ. ಅಷ್ಟು ಮಳೆ ಒಂದು ಎಕರೆಯ ಮೇಲೆ ಬಿದ್ದರೆ ನಾಲ್ಕು ಲಕ್ಷ ಲೀಟರ್ ನೀರು. ಹಿಂದೆ ಆ ನೀರಿನ ದೊಡ್ಡ ಪಾಲನ್ನು ಗುಡ್ಡೆಯ ಕೆಂಪುಕಲ್ಲು ಹೀರಿಕೊಳ್ಳುತ್ತಿತ್ತು, ಬೈಲಿನ ಗದ್ದೆಗಳು ಹಿಡಿದು ನಿಲ್ಲಿಸುತ್ತಿದ್ದವು. ಈಗ ಗುಡ್ಡೆಯ ಮೇಲೆ ಇಂಟರ್‌ಲಾಕ್ ಅಂಗಳ, ಬೈಲಿನಲ್ಲಿ ಕಟ್ಟಡ. ನೀರು ನೇರವಾಗಿ ತೋಡಿಗೇ ಬರಬೇಕು. ಒಂದು ಮೀಟರ್ ಆಳ, 1.2 ಮೀಟರ್ ಅಗಲದ ತೋಡಿನಲ್ಲಿ 40 ಸೆಂಟಿಮೀಟರ್ ಹೂಳು ಕೂತರೆ ಜಾಗ ಐದರಲ್ಲಿ ಎರಡು ಪಾಲು ಕಡಿಮೆಯಾಗುತ್ತದೆ, ಹರಿಯುವ ನೀರಿನ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೇ ಇಳಿಯುತ್ತದೆ. ಉಳಿದ ಅರ್ಧ ರಸ್ತೆಯ ಮೇಲೆ ಬರುತ್ತದೆ. ಕೊಟ್ಟಾರ ಚೌಕಿಯಲ್ಲಿ, ಪಂಪ್‌ವೆಲ್‌ನಲ್ಲಿ ಮಳೆಗಾಲದಲ್ಲಿ ನಿಲ್ಲುವ ನೀರಿಗೆ ಕಾರಣ ಹಲವು, ಹೂಳು ಅವುಗಳಲ್ಲಿ ಒಂದು.

ಹೂಳಿಗಿಂತ ಕಣ್ಣಿಗೆ ಕಡಿಮೆ ಬೀಳುವ ತೊಂದರೆ ಮೋರಿಗಳಲ್ಲಿದೆ. ರಸ್ತೆ ದಾಟುವಲ್ಲಿ ಮೋರಿಯೊಳಗಿಂದಲೇ ನೀರಿನ ಪೈಪು, ಕೇಬಲ್ಲುಗಳ ಕಟ್ಟು ಅಡ್ಡಲಾಗಿ ಹಾದುಹೋಗಿರುತ್ತದೆ. ಅಗೆಯುವ ಖರ್ಚು ಉಳಿಯಿತೆಂದು ಯಾರೋ ಹಾಕಿದ್ದು. ಮೊದಲ ನೆರೆಯಲ್ಲಿ ಒಂದು ಮಡಲು ಆ ಪೈಪಿಗೆ ಸಿಕ್ಕಿಬೀಳುತ್ತದೆ, ಅದರ ಮೇಲೆ ಪ್ಲಾಸ್ಟಿಕ್ ಕೂರುತ್ತದೆ, ಅರ್ಧ ಗಂಟೆಯಲ್ಲಿ ಅದು ಅಣೆಕಟ್ಟಾಗುತ್ತದೆ. ಮಳೆಗಾಲದಲ್ಲಿ ಕೆಲಸ ಮಾಡುವ ವಿಶೇಷ ಗ್ಯಾಂಗಿನವರು ಎದೆಮಟ್ಟದ ನೀರಿಗಿಳಿದು ಕೈಯಿಂದ ಆ ಕಸವನ್ನು ಎಳೆದು ತೆಗೆಯುತ್ತಾರೆ. ಎಷ್ಟೋ ಬಾರಿ ಕಾಲಿಗೆ ಗಮ್‌ಬೂಟ್ ಇಲ್ಲ, ಕೈಗೆ ಗ್ಲೌಸ್ ಇಲ್ಲ. ಒಳಚರಂಡಿಯ ನೀರು ಸೇರಿದ ತೋಡುಗಳಲ್ಲಿ ಇದು ಪ್ರಾಣಕ್ಕೇ ಅಪಾಯ. ಬೇಸಿಗೆಯಲ್ಲಿ ಟಾರ್ಚ್ ಹಿಡಿದು ಪ್ರತಿ ಮೋರಿಯೊಳಗೆ ಬಗ್ಗಿ ನೋಡಿ, ಅಡ್ಡ ಬಂದ ಪೈಪು ಯಾರದು ಎಂದು ಪಟ್ಟಿ ಮಾಡಿ, ಅವರ ಖರ್ಚಿನಲ್ಲೇ ತೆಗೆಸುವ ಕೆಲಸವನ್ನು ಪಾಲಿಕೆ ಮಾಡಬೇಕು. ಇದಕ್ಕೆ ಟೆಂಡರೂ ಬೇಡ.

ರಸ್ತೆ ಅಗೆತದ ವಿಷಯಕ್ಕೆ ಬಂದರೆ ತೊಡಕು ಇನ್ನೂ ಆಳದ್ದು. ಒಂದೇ ಕಾಂಕ್ರೀಟ್ ರಸ್ತೆಯನ್ನು ನೀರಿನ ಪೈಪಿಗೆ ಒಮ್ಮೆ, ಒಳಚರಂಡಿಗೆ ಒಮ್ಮೆ, ಗ್ಯಾಸ್ ಪೈಪಿಗೆ ಒಮ್ಮೆ, ವಿದ್ಯುತ್ ಕೇಬಲ್ಲಿಗೆ ಒಮ್ಮೆ ಕತ್ತರಿಸುತ್ತಾರೆ. ಅಗೆಯುವ ಸಂಸ್ಥೆ ಅನುಮತಿ ಪಡೆಯಬೇಕು, ರಸ್ತೆ ಮರಳಿ ಮಾಡುವ ಖರ್ಚು ಕಟ್ಟಬೇಕು ಎಂಬ ಕ್ರಮ ಇದೆ. ಆದರೆ ಮರಳಿ ಮಾಡುವವರು ಯಾರು ಎಂಬಲ್ಲಿ ಎಳೆ ತಪ್ಪುತ್ತದೆ. ಹಣ ಕಟ್ಟಿದ್ದೇವೆ, ಇನ್ನು ಪಾಲಿಕೆ ನೋಡಿಕೊಳ್ಳಲಿ ಎಂದು ಅಗೆದವರು ಹೇಳುತ್ತಾರೆ. ಅಗೆದವರೇ ಸರಿಪಡಿಸುವ ಷರತ್ತಿದೆ ಎಂದು ಇತ್ತ ಹೇಳುತ್ತಾರೆ. ಅನುಮತಿ ಪತ್ರದಲ್ಲಿ ಅದು ಒಂದೇ ಸಾಲಿನಲ್ಲಿ ಬರೆದಿರುತ್ತದೆ. ಆ ಪತ್ರ ಮಾತ್ರ ಜನರ ಕೈಗೆ ಸಿಗುವುದಿಲ್ಲ.

ಅಗೆದ ಗುಂಡಿ ಮಳೆ ಬಂದೊಡನೆ ಕುಸಿಯುವುದಕ್ಕೆ ಕಾರಣ ಮಳೆಯಲ್ಲ. ತುಂಬುವ ಮಣ್ಣನ್ನು 15ರಿಂದ 20 ಸೆಂಟಿಮೀಟರ್ ದಪ್ಪದ ಪದರಗಳಲ್ಲಿ ಹಾಕಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರವನ್ನೂ ದಮ್ಮಸ್ಸು ಮಾಡಬೇಕು. ಅಗೆದ ಜಾಗ ಕಿರಿದಾಗಿರುವುದರಿಂದ ರೋಲರ್ ಇಳಿಯುವುದಿಲ್ಲ, ಕೈಯಲ್ಲಿ ನಡೆಸುವ ಪ್ಲೇಟ್ ಕಾಂಪ್ಯಾಕ್ಟರ್ ಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ. ಹೊತ್ತು ಉಳಿಸಲು ಜೆಸಿಬಿಯ ಬಕೆಟ್ಟಿನಿಂದ ಒಂದೂವರೆ ಮೀಟರ್ ಆಳದ ಗುಂಡಿಗೆ ಒಂದೇ ಸಲಕ್ಕೆ ಮಣ್ಣು ಸುರಿದು, ಮೇಲಿನಿಂದ ಬಕೆಟ್ಟಿನಲ್ಲೇ ನಾಲ್ಕು ಬಾರಿ ಒತ್ತಿ, ಅದರ ಮೇಲೆ ಕಾಂಕ್ರೀಟ್ ಹಾಕುತ್ತಾರೆ. ಅಡಿಯ ಮಣ್ಣು ಸಡಿಲವಾಗಿಯೇ ಉಳಿಯುತ್ತದೆ. ನೀರು ಇಳಿದಾಗ ಅದು ಕೂರುತ್ತದೆ, ಕಾಂಕ್ರೀಟಿನ ಕೆಳಗೆ ಪೊಳ್ಳು ಉಂಟಾಗುತ್ತದೆ, ಬಸ್ಸಿನ ಚಕ್ರ ಹತ್ತಿದ ದಿನ ತೇಪೆ ಒಡೆಯುತ್ತದೆ. ತೇಪೆಯ ಅಂಚನ್ನು ಯಂತ್ರದಿಂದ ನೇರವಾಗಿ ಕತ್ತರಿಸದೆ ಬ್ರೇಕರಿನಿಂದ ಒಡೆದಿದ್ದರೆ ಅಂಚಿನಲ್ಲಿ ಬಿರುಕು ಮೊದಲೇ ಇರುತ್ತದೆ, ನೀರು ಅಲ್ಲಿಂದ ಒಳಗೆ ಇಳಿಯುತ್ತದೆ. ಇದನ್ನೆಲ್ಲ ನೋಡಬಹುದಾದದ್ದು ಗುಂಡಿ ತೆರೆದಿರುವಾಗ ಮಾತ್ರ.

ಹೊಸ ಕಾಂಕ್ರೀಟ್ ರಸ್ತೆಯ ಅಳತೆಗೂ ಅಂಥದೇ ಒಂದು ದಿನ ಇದೆ. 3.75 ಮೀಟರ್ ಅಗಲ, 100 ಮೀಟರ್ ಉದ್ದ, 20 ಸೆಂಟಿಮೀಟರ್ ದಪ್ಪಕ್ಕೆ 75 ಘನ ಮೀಟರ್ ಕಾಂಕ್ರೀಟ್ ಬೇಕು. ದಪ್ಪ 17 ಸೆಂಟಿಮೀಟರಿಗೆ ಇಳಿದರೆ 11.25 ಘನ ಮೀಟರ್ ಕಡಿಮೆ, ಅಂದರೆ ಆರು ಘನ ಮೀಟರಿನ ಮಿಕ್ಸರ್ ಲಾರಿಯ ಹೆಚ್ಚುಕಡಿಮೆ ಎರಡು ಲೋಡ್. ಮೂರು ಸೆಂಟಿಮೀಟರ್ ಮೇಲಿನಿಂದ ಯಾರಿಗೂ ಕಾಣದು. ಆದರೆ ಬದಿಯ ಶಟರ್ (ಹಸಿ ಕಾಂಕ್ರೀಟ್ ಹರಿಯದಂತೆ ಕಟ್ಟಿದ ತಡೆ) ತೆಗೆದ ದಿನ ರಸ್ತೆಯ ಅಂಚು ಬಯಲಾಗಿರುತ್ತದೆ, ಸಾದಾ ಟೇಪಿನಲ್ಲಿ ಅಳೆಯಬಹುದು. ಮಾರನೆಯ ದಿನ ಅಂಚಿಗೆ ಮಣ್ಣು ತುಂಬುತ್ತಾರೆ, ಅಲ್ಲಿಗೆ ಆ ಅವಕಾಶ ಮುಗಿಯಿತು. ಹತ್ತು ಕಡೆ ಅಳೆದು ಟೇಪ್ ಕಾಣುವಂತೆ ಫೋಟೊ ತೆಗೆದಿಟ್ಟರೆ ಅದಕ್ಕಿಂತ ಗಟ್ಟಿ ದಾಖಲೆ ಬೇರೆ ಬೇಡ. ಅಡಿಯ ನೆಲ ಏರುತಗ್ಗಾಗಿದ್ದರೆ ಅಂಚಿನಲ್ಲಿ ಸರಿಯಿದ್ದು ನಡುವೆ ತೆಳುವಾಗಿರಬಹುದು ಎಂಬುದು ನೆನಪಿರಲಿ. ಕಾಂಕ್ರೀಟ್ ಸುರಿಯುವ ಮುನ್ನ ಎರಡು ಬದಿಯ ಶಟರ್‌ಗಳ ತಲೆಗೆ ದಾರ ಕಟ್ಟಿ, ನಡುವೆ ದಾರದಿಂದ ನೆಲಕ್ಕೆ ಅಳೆದರೆ ಅದೂ ತಿಳಿಯುತ್ತದೆ.

ಗುಣಮಟ್ಟಕ್ಕೂ ಅಳತೆ ಇದೆ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ 75 ಘನ ಮೀಟರ್ ಕಾಂಕ್ರೀಟಿಗೆ ಐದು ಮಾದರಿ, ಪ್ರತಿ ಮಾದರಿಗೆ ಮೂರು ಕ್ಯೂಬ್, ಒಟ್ಟು ಹದಿನೈದು ಕ್ಯೂಬ್ ತುಂಬಬೇಕು. ಕ್ಯೂಬಿನ ಬದಿ 15 ಸೆಂಟಿಮೀಟರ್. 28 ದಿನಕ್ಕೆ ಅವುಗಳನ್ನು ಒತ್ತಿ ನೋಡುತ್ತಾರೆ. ಕಾಂಕ್ರೀಟ್ ಹಾಕುವ ಸ್ಥಳದಲ್ಲಿ ಕ್ಯೂಬ್ ಅಚ್ಚುಗಳೇ ಕಾಣದಿದ್ದರೆ ಪರೀಕ್ಷಾ ವರದಿ ಬರುವುದು ಎಲ್ಲಿಂದ ಎಂದು ಅಲ್ಲೇ ಕೇಳಬೇಕು. ಅನುಮಾನ ಉಳಿದರೆ ಗಟ್ಟಿಯಾದ ರಸ್ತೆಯಿಂದಲೇ ಕೋರ್, ಅಂದರೆ ಕೊರೆದು ತೆಗೆದ ಉರುಳೆಯಾಕಾರದ ತುಂಡು, ತೆಗೆಸಬಹುದು. ಎಂ30, ಅಂದರೆ 30 ನ್ಯೂಟನ್ ಬಲದ ದರ್ಜೆ, ಎಂದು ಹೇಳಿದ ಕಾಂಕ್ರೀಟಿನಲ್ಲಿ ಮೂರು ಕೋರ್‌ಗಳ ಸರಾಸರಿ 25.5 ನ್ಯೂಟನ್‌ಗಿಂತ ಕಡಿಮೆ ಇರಬಾರದು, ಯಾವ ಒಂದೂ 22.5ಕ್ಕಿಂತ ಕೆಳಗಿಳಿಯಬಾರದು. ಇದು ಒಂದು ಚದರ ಮಿಲಿಮೀಟರಿನ ಲೆಕ್ಕ. ಈ ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ, ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆ ಇದೆ. ಕೋರ್ ತೆಗೆದ ತೂತಿನಲ್ಲಿ ರಸ್ತೆಯ ದಪ್ಪವೂ ತಾನಾಗಿ ಗೊತ್ತಾಗುತ್ತದೆ.

ಇಷ್ಟಾದ ಮೇಲೂ ಹೊಂಡ ಬೀಳಬಹುದು. ಅದಕ್ಕೆಂದೇ ಪ್ರತಿ ಗುತ್ತಿಗೆಯಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂದು ಬರೆದಿರುತ್ತಾರೆ, ಎಂಜಿನಿಯರುಗಳ ಬಾಯಲ್ಲಿ ಡಿಎಲ್‌ಪಿ. ಆ ಅವಧಿಯೊಳಗೆ ಕೆಟ್ಟರೆ ಗುತ್ತಿಗೆದಾರರು ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಸರಿಪಡಿಸದಿದ್ದರೆ ಅವರ ಭದ್ರತಾ ಠೇವಣಿಯಿಂದ ಹಣ ಮುರಿದು ಪಾಲಿಕೆಯೇ ಮಾಡಿಸಬೇಕು. ಯಾವ ರಸ್ತೆಯ ಅವಧಿ ಯಾವ ದಿನ ಮುಗಿಯುತ್ತದೆ ಎಂಬ ಪಟ್ಟಿ ಜನರಿಗೆ ಗೊತ್ತಿಲ್ಲದ ಕಾರಣ, ಅವಧಿ ಇನ್ನೂ ಇರುವ ರಸ್ತೆಯ ಹೊಂಡವನ್ನು ಸಾರ್ವಜನಿಕ ಹಣದಿಂದ ಮತ್ತೊಮ್ಮೆ ಮುಚ್ಚಿದರೆ ಕೇಳುವವರಿಲ್ಲ. ನಮ್ಮ ದೃಷ್ಟಿಯಲ್ಲಿ ಇಡೀ ಆಡಳಿತದಲ್ಲಿ ಅತ್ಯಂತ ಸುಲಭವಾಗಿ ಸರಿಪಡಿಸಬಹುದಾದ ಲೋಪ ಇದೇ. ಒಂದು ಪುಟದ ಪಟ್ಟಿ ಸಾಕು: ರಸ್ತೆಯ ಹೆಸರು, ಎಲ್ಲಿಂದ ಎಲ್ಲಿಗೆ, ಕೆಲಸ ಮುಗಿದ ದಿನ, ಹೊಣೆ ಮುಗಿಯುವ ದಿನ. ಅದನ್ನು ಪ್ರತಿ ವಾರ್ಡಿನಲ್ಲಿ, ಕನಿಷ್ಠ ಗ್ರಂಥಾಲಯದ ಗೋಡೆಯಲ್ಲಾದರೂ ಅಂಟಿಸಲಿ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯಕ್ಕೆಂದು ಶೇ. 6ರಷ್ಟು ಉಪಕರ ಕಟ್ಟುವವರು ನಾವೇ.

ಈಗಿನ ದೂರು ವ್ಯವಸ್ಥೆ ಇದಕ್ಕೆ ಪರಿಹಾರವಾಗಿಲ್ಲ. ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಕರೆ ಮಾಡಿದರೆ ದೂರು ದಾಖಲಾಗುತ್ತದೆ, ಸಂಖ್ಯೆ ಸಿಗುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ "ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ" ಎಂಬಲ್ಲಿಗೆ ದೂರು ವಿಲೇವಾರಿ ಆದಂತೆ ನಮೂದಾದರೆ ಹೊಂಡ ಹಾಗೆಯೇ ಉಳಿಯುತ್ತದೆ, ಅಂಕಿಅಂಶದಲ್ಲಿ ಮಾತ್ರ ಊರು ಸರಿಹೋಗುತ್ತದೆ. ಸಂಬಂಧಪಟ್ಟವರು ಯಾರು ಎಂಬುದೂ ಇಲ್ಲಿ ಸಣ್ಣ ಪ್ರಶ್ನೆಯಲ್ಲ. ನಂತೂರಿನಿಂದ ಸುರತ್ಕಲ್ಲಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಒಬ್ಬರದು, ಅದಕ್ಕೆ ಬಂದು ಸೇರುವ ಅಡ್ಡರಸ್ತೆ ಇನ್ನೊಬ್ಬರದು, ಎರಡರ ನೀರೂ ಹೋಗುವ ತೋಡು ಮತ್ತೊಬ್ಬರದು. ದೂರನ್ನು ಮುಚ್ಚುವ ಮುನ್ನ ಅದೇ ಜಾಗದ, ಅದೇ ಕೋನದ ಫೋಟೊ ಹಾಕಬೇಕು, ದೂರು ಕೊಟ್ಟವರ ಒಪ್ಪಿಗೆ ಇರಬೇಕು, ಬೇರೆ ಇಲಾಖೆಗೆ ಹೋದರೆ ಆ ಇಲಾಖೆ ಸ್ವೀಕರಿಸಿದ ದಿನಾಂಕ ಬರಬೇಕು. ಸಕಾಲ ಕಾಯ್ದೆಯಲ್ಲಿ ಪಟ್ಟಿ ಮಾಡಿದ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೊಡಬೇಕೆಂಬ ನಿಯಮ ಇದೆ. ಹಣ ಸಣ್ಣದು, ಆದರೆ ಗಡಿಯಾರ ಓಡುತ್ತಿದೆ ಎಂಬ ಎಚ್ಚರ ಅದರಲ್ಲಿದೆ. ಅಂಥ ಗಡಿಯಾರ ಹೊಂಡಕ್ಕೂ ಹೂಳಿಗೂ ಬೇಕು.

ದೂರು ಕೊಡುವವರೂ ಒಂದು ವಿಷಯ ಗಮನಿಸಬೇಕು. "ನಮ್ಮ ರಸ್ತೆ ಹಾಳಾಗಿದೆ, ಕೂಡಲೇ ಕ್ರಮ ಕೈಗೊಳ್ಳಿ" ಎಂದು ಬರೆದರೆ ಅದಕ್ಕೆ "ಕ್ರಮ ಕೈಗೊಳ್ಳಲಾಗುವುದು" ಎಂಬ ಉತ್ತರ ಮಾತ್ರ ಬರುತ್ತದೆ. ವಿದ್ಯುತ್ ಕಂಬದ ಮೇಲೆ ಬರೆದ ಸಂಖ್ಯೆ, ಅಲ್ಲಿಂದ ಎಷ್ಟು ಮೀಟರ್, ರಸ್ತೆಯ ಯಾವ ಬದಿ, ಹೊಂಡದ ಉದ್ದ, ಅಗಲ, ಆಳ ಇವಿಷ್ಟನ್ನು ಬರೆದ ದೂರನ್ನು "ಸ್ಥಳ ಪತ್ತೆಯಾಗಿಲ್ಲ" ಎಂದು ಮುಚ್ಚಲು ಬರುವುದಿಲ್ಲ.

ಕಾಗದ ಕೇಳುವ ದಾರಿ ಮಾಹಿತಿ ಹಕ್ಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ, ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ. ಯಾಕೆ ಮಾಡಿಲ್ಲ, ಯಾವಾಗ ಮಾಡುತ್ತೀರಿ ಎಂದು ಕೇಳಿದ ಅರ್ಜಿಗಳು ಅಲ್ಲಿಗೇ ಬಿದ್ದುಹೋಗುತ್ತವೆ, ಏಕೆಂದರೆ ದಾಖಲೆಯಲ್ಲಿ ಇರುವುದನ್ನು ಕೊಡುವ ಹೊಣೆ ಮಾತ್ರ ಅಧಿಕಾರಿಗೆ ಇದೆ, ವಿವರಣೆ ಕೊಡುವ ಹೊಣೆ ಇಲ್ಲ. ಆದ್ದರಿಂದ ಹೀಗೆ ಬರೆಯಬೇಕು: "ಇಂಥ ವಾರ್ಡಿನಲ್ಲಿ ಇಂಥ ಮೋರಿಯಿಂದ ಇಂಥ ಮೋರಿಯವರೆಗಿನ ತೋಡಿನ ಹೂಳೆತ್ತುವ ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಹೂಳು ಸಾಗಿಸಿದ ವಾಹನಗಳ ಟ್ರಿಪ್ ಶೀಟ್, ಹಣ ಪಾವತಿಯ ವೋಚರ್, ಇವುಗಳ ದೃಢೀಕೃತ ಪ್ರತಿ ನೀಡಿ." ಐದರಲ್ಲಿ ಮುಖ್ಯವಾದದ್ದು ಅಳತೆ ಪುಸ್ತಕ. ಸ್ಥಳದಲ್ಲಿ ಅಳೆದವರು ಯಾರು, ಯಾವ ದಿನ, ಮೇಲಿನ ಎಂಜಿನಿಯರ್ ಮರು ಅಳತೆ ಮಾಡಿದ್ದಾರೆಯೇ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಉದ್ದ, ಅಗಲ, ಆಳ ಮೂರೂ ಕಡೆಯವರೆಗೆ ಒಂದೇ ಅಂಕಿಯಲ್ಲಿ ಇದ್ದರೆ ಅನುಮಾನಕ್ಕೆ ಅದೇ ಸಾಕು, ಏಕೆಂದರೆ ಹೂಳು ಎಲ್ಲೂ ಸಮನಾಗಿ ಕೂರುವುದಿಲ್ಲ. ತಿರುವಿನ ಒಳಬದಿಯಲ್ಲಿ, ಮೋರಿಯ ಬಾಯಲ್ಲಿ ಹೆಚ್ಚು, ಇಳಿಜಾರಿನಲ್ಲಿ ಕಡಿಮೆ.

ಉತ್ತರಕ್ಕೆ 30 ದಿನ. ಬರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಗಡುವು ಮೀರಿ ಕೊಟ್ಟ ಮಾಹಿತಿಗೆ ಹಣ ತೆಗೆದುಕೊಳ್ಳುವಂತಿಲ್ಲ. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿ ಎಂದರೆ, 2005ರ ಈ ಕಾಯ್ದೆಯಲ್ಲಿ ಮಾಹಿತಿ ಎಂದರೆ ಕಾಗದ ಮಾತ್ರ ಅಲ್ಲ. ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕೂ ಅದರಲ್ಲಿ ಸೇರಿದೆ. ಆದರೆ ಮಾಹಿತಿ ಹಕ್ಕಿನ ದಾರಿಯಲ್ಲಿ ಕಾಗದ ಕೈಸೇರುವಾಗ ಮಳೆಗಾಲ ಮುಗಿದಿರುತ್ತದೆ. ಹಣ ಹೋದ ಮೇಲೆ ಸಿಗುವ ಅಳತೆ ಪುಸ್ತಕ ಇತಿಹಾಸಕ್ಕೆ ಆದೀತು, ತೋಡಿಗೆ ಆಗದು. ಕಾಯ್ದೆಯ 4ನೇ ಕಲಮಿನ ಪ್ರಕಾರ ಯಾರೂ ಕೇಳುವ ಮೊದಲೇ ಪ್ರಕಟಿಸಬೇಕಾದ ವಿವರಗಳಲ್ಲಿ ಈ ಕಾಗದಗಳನ್ನೂ ಸೇರಿಸಿ ಎಂದು ಒತ್ತಾಯಿಸುತ್ತಿರುವುದು ಇದೇ ಕಾರಣಕ್ಕೆ.

ಇದೆಲ್ಲ ನಡೆಯಬೇಕಾದ ಜಾಗ ವಾರ್ಡ್ ಸಮಿತಿ. ಮೂರು ಲಕ್ಷ ಜನಸಂಖ್ಯೆ ಮೀರಿದ ನಗರಗಳಿಗೆ ಅದು ಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ, ರಾಜ್ಯದ 1976ರ ಪೌರ ನಿಗಮಗಳ ಕಾಯ್ದೆಯಲ್ಲೂ ಅದಕ್ಕೆ ಜಾಗ ಇದೆ. ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಮಂದಿ ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದ ಇಬ್ಬರು, ನಿವಾಸಿಗಳ ಸಂಘಗಳ ಇಬ್ಬರು. ತಿಂಗಳಿಗೊಮ್ಮೆ ಸಭೆ. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ವ್ಯವಸ್ಥೆ ಬೇಕಾಗಿಲ್ಲ. ಆದರೆ ಕಾರ್ಪೊರೇಟರ್‌ಗಳ ಪರಿಷತ್ತಿನ ಅವಧಿ ಮುಗಿದರೆ ಸಮಿತಿಯ ಅವಧಿಯೂ ಮುಗಿಯುತ್ತದೆ. ನಮ್ಮ ಪಾಲಿಕೆಯ ಹಿಂದಿನ ಪರಿಷತ್ತಿನ ಅವಧಿ 2019ರ ಮಾರ್ಚ್‌ನಲ್ಲಿ ಮುಗಿದು, ಚುನಾವಣೆ ನವೆಂಬರ್‌ನಲ್ಲಿ ನಡೆದು, ಹೊಸ ಪರಿಷತ್ತು ಕೂತದ್ದು 2020ರ ಫೆಬ್ರವರಿ ಕೊನೆಗೆ. ಅದರ ಅವಧಿ 2025ರ ಫೆಬ್ರವರಿಯಲ್ಲಿ ಮುಗಿದು ಆಡಳಿತ ಮತ್ತೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಗೆ ಬಂತು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ನಡೆದಿರಬೇಕು ಎಂದು 243ಯು ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಆಡಳಿತಾಧಿಕಾರಿ ಎಷ್ಟೇ ದಕ್ಷರಿರಲಿ, 60 ವಾರ್ಡುಗಳ ತೋಡಿನ ಬದಿಯಲ್ಲಿ ನಿಂತು ಸರಳು ಇಳಿಸಿ ನೋಡಲು ಅವರಿಗೆ ಸಾಧ್ಯವಿಲ್ಲ. ಹಲವು ವಾರ್ಡುಗಳನ್ನು ಒಬ್ಬರೇ ನೋಡಿಕೊಳ್ಳುವ ಕಿರಿಯ ಎಂಜಿನಿಯರಿಗೂ ಸಾಧ್ಯವಿಲ್ಲ, ಅದನ್ನು ನಾವು ಒಪ್ಪುತ್ತೇವೆ. ಆ ಬೀದಿಯಲ್ಲಿ ವಾಸವಿರುವವರಿಗೆ ಸಾಧ್ಯ ಇದೆ. ಹಾಗಾಗಿ ಪರಿಷತ್ತು ಇಲ್ಲದ ಕಾಲದಲ್ಲಿ, ಕಾನೂನಿನ ಸಮಿತಿ ಇಲ್ಲದಿದ್ದರೂ, ಅಳತೆಯ ದಿನ ಬೀದಿಯ ಇಬ್ಬರನ್ನು ಕರೆದು ಸಹಿ ಪಡೆಯುವಂತೆ ಒಂದು ಸುತ್ತೋಲೆ ಹೊರಡಿಸಲು ಆಡಳಿತಾಧಿಕಾರಿಗೆ ಯಾವ ಅಡ್ಡಿಯೂ ಇಲ್ಲ.

ಕೆಲಸದ ಸ್ಥಳದಲ್ಲಿ ಫಲಕ ಹಾಕುವ ರೂಢಿ ಇದೆ, ಆದರೆ ಎಷ್ಟೋ ಕಡೆ ಫಲಕ ಬರುವುದು ಉದ್ಘಾಟನೆಯ ದಿನ, ಅದರಲ್ಲಿ ಹೆಸರುಗಳು ಹೆಚ್ಚು, ಅಂಕಿ ಕಡಿಮೆ. ಗುದ್ದಲಿ ಬೀಳುವ ಮೊದಲೇ ಫಲಕ ಬರಲಿ. ಮೊತ್ತ, ಉದ್ದ, ಅಗಲ, ದಪ್ಪ, ಕಾಂಕ್ರೀಟಿನ ದರ್ಜೆ, ಮುಗಿಸಬೇಕಾದ ದಿನ, ಹೊಣೆ ಮುಗಿಯುವ ದಿನ, ಎಂಜಿನಿಯರ್ ಯಾರು ಎಂಬುದು ಅದರಲ್ಲಿರಲಿ.

ಹೂಳಿನ ಮಟ್ಟಿಗೆ ಹೇಳುವುದಾದರೆ ದಿನಗಳನ್ನು ಹಿಂದಕ್ಕೆ ಎಣಿಸಬೇಕು. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ, ಮೇ 24ರ ಆಸುಪಾಸು. ಅಷ್ಟರೊಳಗೆ ಹೂಳು ಎತ್ತಿ ಸಾಗಿಸಿಯೂ ಆಗಿರಬೇಕಾದರೆ ಏಪ್ರಿಲ್ ನಡುವಿನಲ್ಲಿ ಯಂತ್ರ ಇಳಿಯಬೇಕು. ಅದಕ್ಕೆ ಮಾರ್ಚ್ ಕೊನೆಗೆ ಕಾರ್ಯಾದೇಶ, ಜನವರಿಯಲ್ಲಿ ಟೆಂಡರ್, ಡಿಸೆಂಬರಿನಲ್ಲಿ ಅಂದಾಜುಪಟ್ಟಿ. ಡಿಸೆಂಬರಿನಲ್ಲಿ ತೋಡಿನ ನೀರು ಇಳಿದು ಹೂಳು ಬರಿಗಣ್ಣಿಗೆ ಕಾಣುತ್ತದೆ, ಅಳೆಯಲು ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ಅಂದಾಜು ತಯಾರಿಸುವುದೇ ಏಪ್ರಿಲಿಗೆ ಹೋದರೆ ಕೆಲಸ ಮೇ ಕೊನೆಗೆ ಬಂದು, ಅಳೆಯುವ ಮೊದಲೇ ಮಳೆ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಎತ್ತಿದ ಹೂಳನ್ನು 48 ಗಂಟೆಯೊಳಗೆ ಸಾಗಿಸಬೇಕು, ಸಾಗಿಸದ ಹೂಳಿಗೆ ಹಣ ಇಲ್ಲ ಎಂಬ ಒಂದು ಸಾಲನ್ನು ಟೆಂಡರಿನಲ್ಲೇ ಸೇರಿಸಿದರೆ ದಡದ ರಾಶಿಗಳ ಸಮಸ್ಯೆ ಬಹಳ ಮಟ್ಟಿಗೆ ತೀರುತ್ತದೆ. ಹೂಳನ್ನು ಎಲ್ಲಿ ಹಾಕುತ್ತೀರಿ ಎಂಬುದನ್ನೂ ಅದರಲ್ಲೇ ಬರೆಯಲಿ. ತಗ್ಗಿನ ಖಾಸಗಿ ಜಾಗಕ್ಕೆ, ಹೊಳೆಯ ಬದಿಗೆ ಸುರಿದರೆ ಒಂದು ತೋಡಿನ ತೊಂದರೆ ಇನ್ನೊಂದಕ್ಕೆ ಹೋಯಿತು ಅಷ್ಟೇ.

ತಮ್ಮಲ್ಲಿ ಒಂದು ವಿನಂತಿ. ಪಾಲಿಕೆಯಿಂದ ವಾರ್ಡುವಾರು ಹೂಳೆತ್ತುವ ವೇಳಾಪಟ್ಟಿಯನ್ನು ಪಡೆದು ಏಪ್ರಿಲ್ ಮೊದಲ ವಾರದಿಂದ ಪ್ರತಿ ಸೋಮವಾರ ತಮ್ಮ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಪ್ರಕಟಿಸುವಿರಾ? ಯಾವ ತೋಡು, ಯಾವ ದಿನ, ಎಷ್ಟು ಮೀಟರ್ ಎಂಬುದು ಮುಂಚಿತವಾಗಿ ಗೊತ್ತಾದರೆ ಆಯಾ ಬೀದಿಯವರು ಒಂದು ಸರಳು, ಒಂದು ಟೇಪ್, ಒಂದು ಡಬ್ಬಿ ಬಣ್ಣ ಹಿಡಿದು ಯಂತ್ರ ಬರುವ ಮೊದಲೇ ಅಲ್ಲಿರುತ್ತಾರೆ.

ಇಂತಿ,
ಮಂಗಳೂರಿನ ಕೆಲವು ನಿವಾಸಿಗಳು